ಕಿರಿಯ ಜೋಡಿಗೆ ಹಲ್ಲು ನೋಡಿ ಬೆಲೆ

ಏಣೆಲು ಬೆಳೆಯ ಕೊಯ್ಲು ಮುಗಿದು ಗದ್ದೆ ಖಾಲಿಯಾಗುತ್ತಿದ್ದಂತೆ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಕಂಬಳದ ದಿನಗಳು ಆರಂಭವಾಗುತ್ತವೆ. ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ, ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯಲ್ಲಿ ವೀರ-ವಿಕ್ರಮ ಜೋಡುಕರೆ, ಅದೇ ತಾಲೂಕಿನ ಕಕ್ಯಪದವಿನಲ್ಲಿ ಸತ್ಯ-ಧರ್ಮ ಜೋಡುಕರೆ, ಬೆಳ್ತಂಗಡಿ ತಾಲೂಕಿನ ವೇಣೂರು ಪೆರ್ಮುಡದಲ್ಲಿ ಸೂರ್ಯ-ಚಂದ್ರ ಜೋಡುಕರೆ. ವಾರದ ಕೊನೆ ಬಂತೆಂದರೆ ಸಾಕು, ಒಂದಲ್ಲ ಒಂದು ಊರಿನಲ್ಲಿ ಕಹಳೆಯ ಸದ್ದು. ಬೆಳಗ್ಗೆ ಆರಂಭವಾದ ಓಟ ರಾತ್ರಿ ಕಳೆದು ಮರುದಿನದವರೆಗೂ ನಡೆಯುವುದುಂಟು.

ಆಮೇಲೆ ಪತ್ರಿಕೆಯಲ್ಲಿ ಫಲಿತಾಂಶದ ಪಟ್ಟಿ ಬರುತ್ತದೆ. ಕನೆ ಹಲಗೆ, ಅಡ್ಡ ಹಲಗೆ, ಹಗ್ಗ ಹಿರಿಯ, ನೇಗಿಲು ಹಿರಿಯ, ಹಗ್ಗ ಕಿರಿಯ, ನೇಗಿಲು ಕಿರಿಯ ಎಂದು ಆರು ವಿಭಾಗಗಳು. ಓದುವವರ ಕಣ್ಣು ಸಾಮಾನ್ಯವಾಗಿ ಮೇಲಿನ ನಾಲ್ಕು ಸಾಲುಗಳಲ್ಲೇ ನಿಂತುಬಿಡುತ್ತದೆ. ಆದರೆ ಕಂಬಳವನ್ನು ಬಲ್ಲ ಯಜಮಾನರು ಮೊದಲು ನೋಡುವುದು ಪಟ್ಟಿಯ ತಳಭಾಗವನ್ನು. ಕರೆಗೆ ಇಳಿಯುವ ಜೋಡಿಗಳಲ್ಲಿ ಅತಿ ದೊಡ್ಡ ಗುಂಪು ನೇಗಿಲು ಕಿರಿಯ ವಿಭಾಗದ್ದು. ಮೂರು ನಾಲ್ಕು ವರ್ಷಗಳ ಬಳಿಕ ಹಗ್ಗ ಹಿರಿಯದಲ್ಲಿ ಚಿನ್ನದ ಪವನು ಗೆಲ್ಲುವ ಕೋಣ ಇಂದು ಅಲ್ಲೇ ಎಲ್ಲೋ ಹತ್ತನೆಯದೋ ಇಪ್ಪತ್ತನೆಯದೋ ಆಗಿ ಓಡುತ್ತಿರುತ್ತದೆ. ಅದನ್ನು ಗುರುತಿಸುವುದು ಹೇಗೆ? ಬೆಳೆಸುವುದು ಹೇಗೆ? ಯಾವಾಗ ಇಟ್ಟುಕೊಳ್ಳಬೇಕು, ಯಾವಾಗ ಮಾರಬೇಕು? ಈ ಪ್ರಶ್ನೆಗಳು ಕೋಣ ಸಾಕುವವರಿಗೆ ಮಾತ್ರ ಸೇರಿದವಲ್ಲ. ಮಕ್ಕಳನ್ನು ಆಟದ ಮೈದಾನಕ್ಕೆ ಕಳುಹಿಸುವ ತಂದೆತಾಯಿಗಳೂ ಸ್ವಲ್ಪ ಯೋಚಿಸಬೇಕಾದ ಪ್ರಶ್ನೆಗಳಿವು.

ಅಮೆರಿಕದ ‘ಗದ್ದೆ’

ಕಿರಿಯರನ್ನು ಬೆಳೆಸಿ, ಆರಿಸಿ, ಕೊಟ್ಟು ತೆಗೆದುಕೊಳ್ಳುವ ಕೆಲಸವನ್ನು ದೊಡ್ಡ ಉದ್ಯಮವಾಗಿ ಮಾಡಿದ್ದು ಅಮೆರಿಕದ ಬೇಸ್‌ಬಾಲ್. 1920ರ ದಶಕದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಆಡಳಿತ ನೋಡುತ್ತಿದ್ದ ಬ್ರಾಂಚ್ ರಿಕಿ ಎಂಬವರು ಒಂದು ಉಪಾಯ ಹೂಡಿದರು. ಹಣವಂತ ತಂಡಗಳೊಂದಿಗೆ ಪೈಪೋಟಿ ಮಾಡಿ ಸಿದ್ಧ ಆಟಗಾರರನ್ನು ಕೊಳ್ಳುವುದು ಅವರ ತಂಡಕ್ಕೆ ಕಷ್ಟವಾಗಿತ್ತು. ಅದಕ್ಕಾಗಿ ಸಣ್ಣ ಊರುಗಳ ಸಣ್ಣ ತಂಡಗಳನ್ನು ತಮ್ಮ ಹಿಡಿತಕ್ಕೆ ತೆಗೆದುಕೊಂಡು, ಅಲ್ಲಿ ಹುಡುಗರನ್ನು ಬೆಳೆಸಿ, ಮಾಗಿದವರನ್ನು ಮೇಲಕ್ಕೆ ಕರೆಸಿಕೊಳ್ಳತೊಡಗಿದರು. ಈ ಪದ್ಧತಿಗೆ ಅಲ್ಲಿನ ಜನ ಇಟ್ಟ ಹೆಸರು ‘ಫಾರ್ಮ್’, ಅಂದರೆ ಬೇಸಾಯದ ಹೊಲ. 2021ರಿಂದ ಅಲ್ಲಿನ 30 ದೊಡ್ಡ ತಂಡಗಳಲ್ಲಿ ಪ್ರತಿಯೊಂದಕ್ಕೂ ನಾಲ್ಕು ಮೆಟ್ಟಿಲುಗಳ ಕಿರಿಯ ತಂಡಗಳಿವೆ. ಹಿರಿಯ ತಂಡಕ್ಕೆ ಈಗಲೇ ಒಬ್ಬ ನುರಿತ ಆಟಗಾರ ಬೇಕೆಂದಾದರೆ ಇಬ್ಬರೋ ಮೂವರೋ ಭರವಸೆಯ ಹುಡುಗರನ್ನು ಬದಲಿಗೆ ಕೊಟ್ಟು ಬೇರೆ ತಂಡದಿಂದ ತರಿಸುತ್ತಾರೆ. ನಾಳೆಯನ್ನು ಕೊಟ್ಟು ಇಂದನ್ನು ಕೊಳ್ಳುವ ವ್ಯಾಪಾರ ಇದು.

ನಮ್ಮ ಕಡೆಯವರಿಗೆ ಇದು ತೀರ ಹೊಸದೇನಲ್ಲ. ಪತ್ತನಾಜೆ ಕಳೆದು ಗೆಜ್ಜೆ ಬಿಚ್ಚಿದ ಬಳಿಕ ಯಕ್ಷಗಾನ ಕಲಾವಿದರು ಮುಂದಿನ ತಿರುಗಾಟಕ್ಕೆ ಮೇಳ ಬದಲಿಸುವುದನ್ನು ಕರಾವಳಿ ತಲೆಮಾರುಗಳಿಂದ ಕಂಡಿದೆ. ಬಾಲಗೋಪಾಲನಾಗಿ ರಂಗಕ್ಕೆ ಬಂದ ಹುಡುಗ ಪ್ರಧಾನ ವೇಷದ ತನಕ ಏರುವ ಮೆಟ್ಟಿಲುಗಳೂ ಇಲ್ಲಿವೆ. ಕಂಬಳದಲ್ಲಂತೂ ಈ ಮೆಟ್ಟಿಲುಗಳು ಫಲಿತಾಂಶದ ಪಟ್ಟಿಯಲ್ಲೇ ಅಚ್ಚಾಗುತ್ತವೆ.

ಸುಳ್ಳು ಹೇಳದ ಹಲ್ಲು

ಕೋಣ ಕಿರಿಯದೋ ಹಿರಿಯದೋ ಎಂದು ತೀರ್ಮಾನಿಸುವುದು ಅದರ ಬಾಯಿ ನೋಡಿ. ಇದರ ಹಿಂದೆ ಒಳ್ಳೆಯ ಪ್ರಾಣಿಶಾಸ್ತ್ರವಿದೆ. ದನ, ಎಮ್ಮೆ, ಕೋಣಗಳ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳಿರುವುದಿಲ್ಲ. ಅಲ್ಲಿರುವುದು ಗಟ್ಟಿಯಾದ ಒಂದು ದಿಂಡು. ಕೆಳದವಡೆಯ ಮುಂಭಾಗದಲ್ಲಿ ಮಾತ್ರ ಎಂಟು ಹಲ್ಲುಗಳಿವೆ. ಕರುವಿಗೆ ಮೊದಲು ಇರುವವು ಹಾಲುಹಲ್ಲು. ಸುಮಾರು ಎರಡೂವರೆ, ಮೂರು ವರ್ಷವಾಗುವಾಗ ನಡುವಿನ ಎರಡು ಹಾಲುಹಲ್ಲು ಬಿದ್ದು ಅಗಲವಾದ ಶಾಶ್ವತ ಹಲ್ಲುಗಳು ಮೂಡುತ್ತವೆ. ಅನಂತರ ವರ್ಷಕ್ಕೆ ಒಂದು ಜೋಡಿ ಎಂಬಂತೆ ನಡುವಿನಿಂದ ಅಂಚಿನ ಕಡೆಗೆ ಸಾಗಿ, ಐದಾರು ವರ್ಷ ತುಂಬುವಾಗ ಎಂಟೂ ಬದಲಾಗಿರುತ್ತವೆ. ‘ಎರಡು ಹಲ್ಲು’, ‘ನಾಲ್ಕು ಹಲ್ಲು’, ‘ಬಾಯಿಗೂಡಿದೆ’ ಎಂದು ಸಂತೆಯಲ್ಲಿ ಹೇಳುವುದು ಇದನ್ನೇ.

ಹಲ್ಲು ಹುಟ್ಟುವ ಕಾಲ ಮೇವು, ತಳಿ, ಆರೋಗ್ಯಗಳಿಗೆ ತಕ್ಕಂತೆ ಕೆಲವು ತಿಂಗಳು ಹಿಂದೆ ಮುಂದೆ ಆಗಬಹುದು. ಆದರೂ ಅದು ಆ ಪ್ರಾಣಿಯ ಶರೀರ ಎಷ್ಟು ಮಾಗಿದೆ ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ. ಎಲುಬು ಇನ್ನೂ ಬಲಿಯದ ಎಳೆಯ ಕೋಣವನ್ನು ಬಾಯಿಗೂಡಿದ ಕೋಣದ ಎದುರು ಓಡಿಸಿದರೆ ಅದು ಸೋಲುತ್ತದೆ. ಸೋತದ್ದಕ್ಕೆ ‘ಇದು ಆಗದು’ ಎಂದು ತೀರ್ಪು ಕೊಟ್ಟರೆ ತಪ್ಪಾಗುತ್ತದೆ. ಕಿರಿಯ ವಿಭಾಗ ಇರುವುದೇ ಆ ತಪ್ಪು ಆಗದಿರಲಿ ಎಂದು.

ಈಗ ನಮ್ಮ ಮಕ್ಕಳ ಆಟೋಟದ ಕಡೆ ನೋಡೋಣ. ಶಾಲಾ ಕ್ರೀಡೆಗಳಲ್ಲಿ 14 ವರ್ಷದೊಳಗಿನವರು, 17 ವರ್ಷದೊಳಗಿನವರು ಎಂಬ ವಿಭಾಗಗಳಿವೆ. ಆಧಾರ ಜನ್ಮದಿನಾಂಕದ ದಾಖಲೆ. ಒಂದೇ ವರ್ಷದ ಜನವರಿಯಲ್ಲಿ ಹುಟ್ಟಿದ ಹುಡುಗನೂ ಡಿಸೆಂಬರಿನಲ್ಲಿ ಹುಟ್ಟಿದ ಹುಡುಗನೂ ಲೆಕ್ಕಕ್ಕೆ ಸಮಾನರು. ಆದರೆ ಹತ್ತು ವರ್ಷದ ಮಗುವಿಗೆ ಹನ್ನೊಂದು ತಿಂಗಳ ಅಂತರವೆಂದರೆ ಇಡೀ ಆಯುಷ್ಯದ ಹತ್ತರಲ್ಲಿ ಸುಮಾರು ಒಂದು ಪಾಲು! 1980ರ ದಶಕದಲ್ಲಿ ಕೆನಡಾದ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು ಅಲ್ಲಿನ ಐಸ್ ಹಾಕಿ ಆಟಗಾರರ ಜನ್ಮದಿನಾಂಕಗಳನ್ನು ಪಟ್ಟಿ ಮಾಡಿ ನೋಡಿದರು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು, ಕೊನೆಯ ತಿಂಗಳುಗಳವರು ಕಡಿಮೆ. ಕಾರಣ ಸರಳ. ಸಣ್ಣ ವಯಸ್ಸಿನಲ್ಲಿ ಆಯ್ಕೆ ಮಾಡುವಾಗ ಕೆಲವು ತಿಂಗಳು ದೊಡ್ಡವರಾದ ಮಕ್ಕಳು ಬಲಿಷ್ಠರಾಗಿ ಕಂಡಿದ್ದರು. ಆಯ್ಕೆಯಾದವರಿಗೆ ಒಳ್ಳೆಯ ತರಬೇತಿ ಸಿಕ್ಕಿತು. ತರಬೇತಿಯಿಂದ ಅವರು ನಿಜವಾಗಿಯೂ ಮುಂದೆ ಹೋದರು. ತಿಂಗಳ ಅಂತರ ಪ್ರತಿಭೆಯ ಅಂತರವಾಗಿ ಬದಲಾಯಿತು.

ಇದರ ಮೇಲೆ ಹರೆಯ ಬರುವ ಕಾಲವೂ ಎಲ್ಲರಿಗೂ ಒಂದೇ ಅಲ್ಲ. ಹದಿಮೂರರಲ್ಲಿ ಮೀಸೆ ಚಿಗುರಿದವನೂ ಹದಿನೈದರಲ್ಲಿ ಧ್ವನಿ ಒಡೆಯುವವನೂ ಒಂದೇ ತರಗತಿಯಲ್ಲಿ ಕುಳಿತಿರುತ್ತಾರೆ. ಭಾರತೀಯ ಕ್ರಿಕೆಟ್ ಮಂಡಳಿ 16 ವರ್ಷದೊಳಗಿನವರ ಪಂದ್ಯಗಳಿಗೆ ಮಣಿಕಟ್ಟಿನ ಎಕ್ಸ್-ರೇ ತೆಗೆಸಿ ಎಲುಬಿನ ವಯಸ್ಸು ನೋಡುವ ಕ್ರಮ ಇಟ್ಟುಕೊಂಡಿದೆ. ಕೋಣದ ಬಾಯಿ ತೆರೆದು ನೋಡುವ ಯಜಮಾನರ ಕ್ರಮವೂ ಅದೇ ಜಾತಿಯದು. ಆದುದರಿಂದ ಎಂಟನೆಯ ತರಗತಿಯಲ್ಲಿ ತಾಲೂಕು ಮಟ್ಟಕ್ಕೆ ಆಯ್ಕೆಯಾಗದ ಮಗುವನ್ನು ‘ಇವನಿಂದಾಗದು’ ಎಂದು ಬದಿಗೆ ಸರಿಸುವ ಮೊದಲು ಎರಡು ವರ್ಷ ಕಾಯುವುದು ಒಳ್ಳೆಯದು.

ಹುರುಳಿ, ಈಜು, ಕುದಿ

ಕಂಬಳದ ಕೋಣಗಳಲ್ಲಿ ಘಟ್ಟದ ಮೇಲಿನ ಸಂತೆಗಳಿಂದ ಕರುಗಳಾಗಿ ಬಂದವೂ ಇವೆ. ಕೊಳ್ಳುವಾಗ ಕಾಲಿನ ನೇರ, ಗೊರಸು, ಎದೆಯ ಅಗಲ, ಕಣ್ಣಿನ ಚುರುಕು ನೋಡುತ್ತಾರೆ. ಅದರ ಓಟ ಹೇಗೆಂದು ಆ ಹೊತ್ತಿಗೆ ಯಾರಿಗೂ ತಿಳಿದಿರುವುದಿಲ್ಲ. ಮನೆಗೆ ತಂದ ಮೇಲೆ ಬೇಯಿಸಿದ ಹುರುಳಿ, ಎಣ್ಣೆ ತಿಕ್ಕುವುದು, ಕೆರೆಯಲ್ಲಿ ಈಜು, ನಡಿಗೆ ಎಂದು ದಿನಚರಿ ಆರಂಭ. ಈಜಿಗೆ ಒಂದು ಮುಖ್ಯ ಕಾರಣವಿದೆ. ನೀರು ದೇಹದ ಹೆಚ್ಚಿನ ಭಾರವನ್ನು ತಾನೇ ಹೊರುತ್ತದೆ. ಆದ್ದರಿಂದ ಕೀಲುಗಳಿಗೆ ಪೆಟ್ಟು ಬೀಳದೆ ಸ್ನಾಯುಗಳಿಗೂ ಶ್ವಾಸಕೋಶಕ್ಕೂ ಕೆಲಸ ಸಿಗುತ್ತದೆ. ಇನ್ನೊಂದು ಕಾರಣ, ಕೋಣಕ್ಕೆ ಬೆವರಿನ ಗ್ರಂಥಿಗಳು ದನಕ್ಕಿಂತ ಬಹಳ ಕಡಿಮೆ. ಕಪ್ಪು ಚರ್ಮ ಬಿಸಿಲನ್ನು ಬೇಗ ಹೀರುತ್ತದೆ. ಮೈ ತಂಪಾಗಲು ಅದಕ್ಕೆ ನೀರೇ ಬೇಕು.

ಋತು ಆರಂಭವಾಗುವ ಮುನ್ನ ‘ಕುದಿ ಕಂಬಳ’ ನಡೆಯುತ್ತದೆ. ಇದು ಪದಕವಿಲ್ಲದ ಓಟ. ಎಳೆಯ ಕೋಣ ಜನರ ಗದ್ದಲಕ್ಕೆ, ಕೆಸರಿಗೆ, ನೊಗಕ್ಕೆ, ಪಕ್ಕದ ಜೊತೆಗಾರನಿಗೆ ಹೊಂದಿಕೊಳ್ಳುವುದನ್ನು ಕಲಿಯುವುದು ಇಲ್ಲೇ. ಗಂತಿನಲ್ಲಿ ಸುಮ್ಮನೆ ನಿಲ್ಲಬೇಕು, ಬಿಟ್ಟಾಗ ನೇರ ಓಡಬೇಕು, ಮಂಜೊಟ್ಟಿಯ ಏರಿನಲ್ಲಿ ನಿಲ್ಲಬೇಕು. ವೇಗ ಇದ್ದೂ ಈ ಮೂರನ್ನು ಕಲಿಯದ ಕೋಣ ಕಿರಿಯದಲ್ಲೇ ಉಳಿಯುತ್ತದೆ.

ಕಲಿಸುವ ಬಗೆಯೂ ಇಲ್ಲಿ ಚರ್ಚೆಯ ವಿಷಯ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟದ ಬಗ್ಗೆ ನೀಡಿದ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. 2016ರಲ್ಲಿ ಹೈಕೋರ್ಟಿನ ತಡೆ ಬಂತು. 2017ರಲ್ಲಿ ರಾಜ್ಯ ವಿಧಾನಮಂಡಲ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅಂಥ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಅನಗತ್ಯ ನೋವು ಕೊಡಬಾರದೆಂಬ ಷರತ್ತು ಮಾತ್ರ ಹಾಗೆಯೇ ಇದೆ. ಹೊಡೆತದ ಹೆದರಿಕೆಯಿಂದ ಓಡುವ ಕೋಣ ಗಂತನ್ನು ಕಂಡರೇ ಬೆದರಲು ಕಲಿಯುತ್ತದೆ. ಹೆದರಿಕೆಗೆ ನೆನಪು ಹೆಚ್ಚು. ಅಂಕ ಕಡಿಮೆಯಾದಾಗ, ಓಟದಲ್ಲಿ ಹಿಂದೆ ಬಿದ್ದಾಗ ಮಗುವಿಗೆ ಬೀಳುವ ಏಟಿಗೂ ಈ ಮಾತು ಸಲ್ಲುತ್ತದೆ.

ಜೋಡಿ ಕೂಡಿದರೆ ಬೆಲೆ

ಕಂಬಳದ ವ್ಯಾಪಾರದಲ್ಲಿ ಒಂದು ವಿಶೇಷವಿದೆ. ಓಡುವುದು ಜೋಡಿ. ನೊಗದ ಎಡಕ್ಕೆ ಪಳಗಿದ ಕೋಣ, ಬಲಕ್ಕೆ ಪಳಗಿದ ಕೋಣ ಎಂದು ಬೇರೆ ಬೇರೆ. ಒಂದು ವೇಗವಾಗಿದ್ದು ಇನ್ನೊಂದು ನಿಧಾನವಾದರೆ ನೊಗ ಓರೆಯಾಗಿ ಇಬ್ಬರ ಬಲವೂ ವ್ಯರ್ಥ. ಹೆಜ್ಜೆಯ ಅಳತೆ, ಎತ್ತರ, ಸ್ವಭಾವ ಮೂರೂ ಕೂಡಿದರೆ ಮಾತ್ರ ಓಟ ಚೆನ್ನ. ಆದ್ದರಿಂದ ಒಬ್ಬ ಯಜಮಾನರ ಕೊಟ್ಟಿಗೆಯಲ್ಲಿ ಜೊತೆಯಿಲ್ಲದೆ ಸಾಧಾರಣವೆನಿಸಿದ ಕೋಣ, ಇನ್ನೊಬ್ಬರ ಕೊಟ್ಟಿಗೆಗೆ ಹೋಗಿ ತಕ್ಕ ಜೊತೆ ಸಿಕ್ಕಿದಾಗ ಗೆಲ್ಲತೊಡಗುವುದುಂಟು. ಕೊಟ್ಟವರು ಮೋಸ ಹೋದರೆಂದಲ್ಲ. ಅದರ ಬೆಲೆ ಅದರೊಳಗೆ ಅರ್ಧ, ಪಕ್ಕದಲ್ಲಿ ಇರುವುದರಲ್ಲಿ ಅರ್ಧ.

ಕಿರಿಯದಲ್ಲಿ ಮೇಲಿಂದ ಮೇಲೆ ಬಹುಮಾನ ಪಡೆದ ಕೋಣಕ್ಕೆ ಲಕ್ಷಗಟ್ಟಲೆ ರೂಪಾಯಿ ಬೆಲೆ ಬರುತ್ತದೆ. ಆಗ ಯಜಮಾನರ ಮುಂದೆ ಬೇಸ್‌ಬಾಲ್ ತಂಡದ ಮುಂದಿರುವ ಪ್ರಶ್ನೆಯೇ ಎದ್ದು ನಿಲ್ಲುತ್ತದೆ. ಈಗಲೇ ಮಾರಿದರೆ ಕೈಗೆ ಹಣ. ಇಟ್ಟುಕೊಂಡರೆ ಹಿರಿಯದಲ್ಲಿ ಹೆಸರು ಬರಬಹುದು, ಕಾಲು ಉಳುಕಿ ಕೊಟ್ಟಿಗೆಯಲ್ಲೇ ನಿಲ್ಲಲೂಬಹುದು. ಗೆದ್ದು ಬರುವ ಪವನಿಗಿಂತ ಸಾಕುವ ಖರ್ಚು ದೊಡ್ಡದು. ಹೀಗಿದ್ದೂ ಕೋಣ ಕಟ್ಟುವವರು ಕಡಿಮೆಯಾಗಿಲ್ಲವೆಂದರೆ ಅಲ್ಲಿ ಮನೆತನದ ಗೌರವ, ಹರಕೆ, ಪ್ರೀತಿ ಎಲ್ಲವೂ ಸೇರಿಕೊಂಡಿವೆ.

ಓಡದ ಕೋಣದ ಕತೆ ಏನು? ಹಿಂದೆ ಕಂಬಳದಲ್ಲಿ ಸೋತ ಕೋಣ ಮರುದಿನ ಗದ್ದೆ ಉಳುತ್ತಿತ್ತು. ಅದಕ್ಕೆ ಇನ್ನೊಂದು ಕಸುಬು ಇತ್ತು. ಟಿಲ್ಲರು ಬಂದ ಮೇಲೆ ಉಳುವ ಕೆಲಸ ತಪ್ಪಿತು. ಈಗ ಓಡುವುದೊಂದೇ ಕಸುಬು. ಓಡದಿದ್ದರೆ ಸಂತೆಯ ದಾರಿ. ಇದು ಕಂಬಳದ ಕಹಿ ಭಾಗ. ಎಲ್ಲವನ್ನೂ ಒಂದೇ ವಿದ್ಯೆಯ ಮೇಲೆ ಪಣ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಕಣ್ಣೆದುರಿನ ಉದಾಹರಣೆ.

ಹಿಂದಿನಿಂದ ಓಡುವವರು

ಫಲಿತಾಂಶದ ಪಟ್ಟಿಯಲ್ಲಿ ಮೊದಲು ಯಜಮಾನರ ಹೆಸರು, ಆಮೇಲೆ ‘ಓಡಿಸಿದವರು’. ಹಲಗೆಯ ವಿಭಾಗಗಳಲ್ಲಿ ‘ಹಲಗೆ ಮುಟ್ಟಿದವರು’. ಈ ಓಟಗಾರರೂ ಋತುವಿಗೊಮ್ಮೆ ಯಜಮಾನರನ್ನು ಬದಲಿಸುವುದುಂಟು. ಒಬ್ಬನೇ ಓಟಗಾರ ಒಂದೇ ಕಂಬಳದಲ್ಲಿ ಬೇರೆ ಬೇರೆ ಯಜಮಾನರ ಜೋಡಿಗಳನ್ನು ಓಡಿಸುವುದೂ ಇದೆ. ಒಳ್ಳೆಯ ಕೋಣಕ್ಕೆ ಪೈಪೋಟಿ ಇರುವಂತೆ ಒಳ್ಳೆಯ ಓಟಗಾರನಿಗೂ ಪೈಪೋಟಿ ಇದೆ.

2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. ನೂರು ಮೀಟರಿಗೆ ಇಳಿಸಿ ಲೆಕ್ಕ ಹಾಕಿದರೆ ಗೌಡರದು ಸುಮಾರು 9.55 ಸೆಕೆಂಡು. ಉಸೇನ್ ಬೋಲ್ಟರ 2009ರ ಬರ್ಲಿನ್ ದಾಖಲೆ 9.58. ದೇಶವೆಲ್ಲ ಬೆರಗಾಯಿತು.

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ತಾಳ್ಮೆಯಿಂದ ಲೆಕ್ಕ ನೋಡಬೇಕು. ಮೊದಲನೆಯದಾಗಿ, ಯಾವ ಓಟದಲ್ಲೂ ಅತಿ ನಿಧಾನದ ಭಾಗ ಆರಂಭದ್ದು. ಓಟ ಉದ್ದವಾದಷ್ಟು ಆ ನಿಧಾನದ ಪಾಲು ಸರಾಸರಿಯಲ್ಲಿ ಕರಗಿಹೋಗುತ್ತದೆ. ಆದ್ದರಿಂದ 142.5 ಮೀಟರಿನ ಸರಾಸರಿಯನ್ನು 100 ಮೀಟರಿಗೆ ಇಳಿಸುವುದು ನ್ಯಾಯವಾದ ಹೋಲಿಕೆಯಲ್ಲ. ಎರಡನೆಯದು, ಓಟಗಾರನ ಕೈಯಲ್ಲಿ ಹಗ್ಗವೋ ನೇಗಿಲೋ ಇದೆ. ಮುಂದಕ್ಕೆ ಎಳೆಯುವ ಬಲದ ಒಂದು ಪಾಲು ಕೋಣಗಳದ್ದು. ಬೋಲ್ಟರನ್ನು ಎಳೆದವರು ಯಾರೂ ಇರಲಿಲ್ಲ. ಹಾಗೆಂದು ಕಂಬಳದ ಓಟ ಸಣ್ಣದಲ್ಲ. ಸೆಕೆಂಡಿಗೆ ಹತ್ತೂವರೆ ಮೀಟರ್ ವೇಗದಲ್ಲಿ, ಕೆಸರಿನಲ್ಲಿ, ಬರಿಗಾಲಿನಲ್ಲಿ ಸಮತೋಲ ತಪ್ಪದೆ ಓಡುವುದು ಎಷ್ಟು ಮಂದಿಗೆ ಸಾಧ್ಯ? ಗೌಡರು ಸ್ವತಃ ಬೋಲ್ಟರೊಂದಿಗಿನ ಹೋಲಿಕೆಯನ್ನು ಒಪ್ಪದೆ ಕೋಣಗಳಿಗೇ ಶ್ರೇಯಸ್ಸು ಕೊಟ್ಟರು. ಕೇಂದ್ರ ಕ್ರೀಡಾ ಸಚಿವರು ಬೆಂಗಳೂರಿನ ಕ್ರೀಡಾ ಪ್ರಾಧಿಕಾರದಲ್ಲಿ ಪರೀಕ್ಷಾ ಓಟಕ್ಕೆ ವ್ಯವಸ್ಥೆ ಮಾಡಿದಾಗ, ಆಗ 28ರ ಹರೆಯದಲ್ಲಿದ್ದ ಅವರು ಕಂಬಳವೇ ತನ್ನ ಕ್ಷೇತ್ರವೆಂದು ಹಿಂದೆ ಸರಿದರು. ಅದು ವಿವೇಕದ ತೀರ್ಮಾನ. ಹದಿನಾರರಲ್ಲಿ ಯಾರಾದರೂ ಗಡಿಯಾರ ಹಿಡಿದು ನೋಡಿದ್ದರೆ ಮಾತು ಬೇರೆಯಾಗುತ್ತಿತ್ತೇನೋ.

ಓಟಗಾರರನ್ನು ಕ್ರಮವಾಗಿ ತಯಾರು ಮಾಡಲೆಂದು 2011ರಲ್ಲಿ ಗುಣಪಾಲ ಕಡಂಬರು ಕಾರ್ಕಳದ ಮಿಯಾರಿನಲ್ಲಿ ಕಂಬಳ ಅಕಾಡೆಮಿಯನ್ನು ಆರಂಭಿಸಿದರು. ಮನೆಯವರಿಂದಲೋ ನೆರೆಯವರಿಂದಲೋ ನೋಡಿ ಕಲಿಯುತ್ತಿದ್ದ ವಿದ್ಯೆಗೆ ಶಿಬಿರ, ವ್ಯಾಯಾಮ, ಪಾಠದ ಶಿಸ್ತು ಬಂತು. ಆದರೂ ಕಂಬಳ ವರ್ಷದಲ್ಲಿ ಐದಾರು ತಿಂಗಳಿನದು. ಉಳಿದ ತಿಂಗಳು ಓಟಗಾರನಿಗೆ ಬೇರೆ ದುಡಿಮೆ ಬೇಕು. ಗೌಡರು ಕಟ್ಟಡದ ಕೆಲಸ ಮಾಡುತ್ತಿದ್ದವರು.

ಕಬಡ್ಡಿಯ ಹರಾಜು

ಹುಡುಗರ ಕಣ್ಣು ಇಂದು ಹೆಚ್ಚಾಗಿ ಕಬಡ್ಡಿಯ ಮೇಲಿದೆ. 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದಾಗ ಹರಾಜಿನ ಅತಿ ಹೆಚ್ಚಿನ ಬೆಲೆ ರಾಕೇಶ್ ಕುಮಾರರಿಗೆ ಬಂದ 12.80 ಲಕ್ಷ ರೂಪಾಯಿ. 2023ರಲ್ಲಿ ಪವನ್ ಸೆಹ್ರಾವತರ ಬೆಲೆ 2 ಕೋಟಿ 60 ಲಕ್ಷ ದಾಟಿತು. ನಮ್ಮ ಪುತ್ತೂರಿನ ಪ್ರಶಾಂತ್ ಕುಮಾರ್ ರೈ 2018ರಲ್ಲಿ 79 ಲಕ್ಷಕ್ಕೆ ಯು.ಪಿ. ಯೋಧಾ ತಂಡಕ್ಕೆ ಹೋದರು, ಮುಂದೆ ಹರಿಯಾಣಕ್ಕೆ, ಆ ಬಳಿಕ ಪಟ್ನಾಕ್ಕೆ. 2022ರ ಫೆಬ್ರವರಿಯಲ್ಲಿ ಪಟ್ನಾ ತಂಡ ಅವರ ನಾಯಕತ್ವದಲ್ಲಿ ಫೈನಲ್ ತಲುಪಿ ಒಂದೇ ಅಂಕದಿಂದ ಸೋತಿತು. ತಂಡಗಳು ಹೊಸ ಹರೆಯದವರನ್ನು ಕಡಿಮೆ ವೇತನದಲ್ಲಿ ಸೇರಿಸಿಕೊಂಡು, ಪಳಗಿಸಿ, ಉಳಿಸಿಕೊಳ್ಳುವ ವ್ಯವಸ್ಥೆಯೂ ಇದೆ. ಕಿರಿಯ ವಿಭಾಗವೇ ಸರಿ.

ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಡಾ. ಮೋಹನ ಆಳ್ವರ ಮುಂದಾಳುತನದಲ್ಲಿ ಕ್ರೀಡಾ ವಿದ್ಯಾರ್ಥಿಗಳನ್ನು ದತ್ತು ತೆಗೆದುಕೊಂಡು ಊಟ, ವಸತಿ, ಶಿಕ್ಷಣ ಕೊಡುವ ಯೋಜನೆಯನ್ನು ನಡೆಸುತ್ತಿದೆ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ ಕೂಟ ಮೂಡುಬಿದಿರೆಯಲ್ಲೇ ನಡೆದು ಮಂಗಳೂರು ವಿಶ್ವವಿದ್ಯಾನಿಲಯ ಪ್ರಶಸ್ತಿ ಗೆದ್ದಿತು. ಇಂಥ ಕಡೆ ಆಟದ ಜೊತೆಗೆ ಪದವಿಯೂ ಕೈಗೆ ಬರುತ್ತದೆ ಎಂಬುದು ಗಮನಿಸಬೇಕಾದ ಅಂಶ.

ಏಕೆಂದರೆ ಹರಾಜಿನ ಸುದ್ದಿಯಲ್ಲಿ ಮಾರಾಟವಾದವರ ಹೆಸರುಗಳಷ್ಟೇ ದಪ್ಪಕ್ಷರದಲ್ಲಿ ಬರುತ್ತವೆ. ಅಮೆರಿಕದ ಕಿರಿಯ ಬೇಸ್‌ಬಾಲ್ ತಂಡಗಳ ಹುಡುಗರಲ್ಲಿ ಬಹುಪಾಲು ಮಂದಿ ದೊಡ್ಡ ಮೈದಾನವನ್ನು ಕಾಣುವುದೇ ಇಲ್ಲ. ಅವರಿಗೆ ತಂಡಗಳು ವಸತಿ ಕೊಡಬೇಕೆಂಬ ನಿಯಮ ಬಂದದ್ದು 2022ರಲ್ಲಿ. ಅವರ ಸಂಘಟನೆ ವೇತನದ ಬಗ್ಗೆ ಮೊದಲ ಒಪ್ಪಂದ ಮಾಡಿಕೊಂಡದ್ದು 2023ರಲ್ಲಿ. ಅಷ್ಟು ಶ್ರೀಮಂತ ಆಟದಲ್ಲೂ ಕಿರಿಯರ ಹೊಟ್ಟೆಯ ಪ್ರಶ್ನೆಗೆ ನೂರು ವರ್ಷ ಬೇಕಾಯಿತು!

ತಂದೆತಾಯಿಗಳು ಕೇಳಬೇಕಾದದ್ದು

ಮಗುವನ್ನು ಕ್ರೀಡಾ ಹಾಸ್ಟೆಲಿಗೋ ತರಬೇತಿ ಕೇಂದ್ರಕ್ಕೋ ಕಳುಹಿಸುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳುವುದರಲ್ಲಿ ನಾಚಿಕೆಯಿಲ್ಲ. ಮಗುವಿನ ಬೆಳವಣಿಗೆ ನೋಡಿ ತರಬೇತಿ ಕೊಡುತ್ತಾರೆಯೇ, ಹತ್ತನೆಯ ವಯಸ್ಸಿನಿಂದಲೇ ವರ್ಷವಿಡೀ ಒಂದೇ ಆಟಕ್ಕೆ ಕಟ್ಟಿಹಾಕುತ್ತಾರೆಯೇ? ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಮೃದ್ವಸ್ಥಿಯ ಪದರವಿರುತ್ತದೆ. ಬಿಡುವಿಲ್ಲದ ಒಂದೇ ಬಗೆಯ ಶ್ರಮದಿಂದ ಅದಕ್ಕೆ ಗಾಯವಾಗುತ್ತದೆ. ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು? ಅಭ್ಯಾಸದ ದಿನಗಳಲ್ಲಿ ತಪ್ಪಿದ ಪಾಠವನ್ನು ಯಾರು ಹೇಳಿಕೊಡುತ್ತಾರೆ? ಆಯ್ಕೆಯಾಗದಿದ್ದರೆ ಅದೇ ಶಾಲೆಯಲ್ಲಿ ಓದು ಮುಂದುವರಿಸಬಹುದೇ?

ಮಕ್ಕಳೂ ಒಂದು ಮಾತನ್ನು ನೆನಪಿಟ್ಟುಕೊಳ್ಳಬೇಕು. ಕಿರಿಯ ವಿಭಾಗದಲ್ಲಿ ಸೋಲುವುದು ಅವಮಾನವಲ್ಲ. ಗಂತಿನಲ್ಲಿ ನಿಲ್ಲುವುದನ್ನೂ ಜೊತೆಗಾರನ ಹೆಜ್ಜೆಗೆ ಹೆಜ್ಜೆ ಸೇರಿಸುವುದನ್ನೂ ಕಲಿಯಲೆಂದೇ ಆ ವಿಭಾಗ ಇರುವುದು. ಓಟದಲ್ಲಿ ಮುಂದೆ ಬಂದವರು ಓಡಲಿ, ಊರಿಗೆ ಹೆಸರು ತರಲಿ. ಆದರೆ ಹಿಂದಿನ ಕಾಲದ ಕೋಣಕ್ಕೆ ಕಂಬಳ ಮುಗಿದ ಮೇಲೆ ಉಳಲು ಗದ್ದೆ ಇತ್ತು ಎಂಬುದನ್ನು ಮರೆಯಬಾರದು. ಇಂದಿನ ಹುಡುಗ ಹುಡುಗಿಯರಿಗೆ ಆ ಗದ್ದೆ ಎಂದರೆ ಓದು. ಆಟದ ಬ್ಯಾಗು ಹೆಗಲಿಗೇರಿಸುವಾಗ ಅದರಲ್ಲಿ ಪಠ್ಯಪುಸ್ತಕಕ್ಕೂ ಸ್ವಲ್ಪ ಜಾಗ ಇರಲಿ.